ಹೇಳಿದಷ್ಟೇ ಓಡುವ ಕಾರು

(ಅಮೆರಿಕದ ಮಿಶಿಗನ್ ರಾಜ್ಯ, ಡೆಟ್ರಾಯ್ಟ್‌ಗೆ ಹತ್ತಿರದ ಒಂದು ಊರು. ಗ್ಯಾರೇಜಿನಲ್ಲಿ ಬಾನೆಟ್ ತೆರೆದ ಹಳೆಯ ಕಾರು. ಮಾತಾಡುತ್ತಿರುವವರು ಎಪ್ಪತ್ತರ ದಶಕದಲ್ಲಿ ಮೈಸೂರಿನಿಂದ ಬಂದು ಇಲ್ಲೇ ನೆಲೆಸಿದ ನಿವೃತ್ತ ಎಂಜಿನಿಯರ್ ಮತ್ತು ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ಸಾಫ್ಟ್‌ವೇರ್ ಬರೆಯುವ ಅವರ ಅಣ್ಣನ ಮಗಳು.)

— ಚಿಕ್ಕಪ್ಪ, ಐದೂವರೆ ಲೀಟರಿನ ಎಂಜಿನ್! ನಮ್ಮ ಮನೆ ಕಾರಿನದು ಒಂದು ಲೀಟರ್ ಚಿಲ್ಲರೆ. ಅದರಲ್ಲೇ ನಾವು ಐದು ಜನ ಧರ್ಮಸ್ಥಳಕ್ಕೆ ಹೋಗಿ ಬರ್ತೀವಿ. ಇಷ್ಟು ದೊಡ್ಡದನ್ನ ಇಟ್ಕೊಂಡು ನೀವು ಓಡಿಸೋದು ಬರೀ ಕಾಲು ಮೈಲಿ. ಅದೂ ನೆಟ್ಟಗೆ.

— 5,572 ಸಿಸಿ. ಇಲ್ಲಿನವರ ಲೆಕ್ಕದಲ್ಲಿ 340 ಘನ ಇಂಚು. ನೆಟ್ಟಗೆ ಓಡಿಸೋದು ಸುಲಭ ಅಂದ್ಕೊಂಡಿದ್ದೀಯ, ಇರಲಿ. ಆ ಫೆಂಡರ್ ಮೇಲೆ ಹಾಗೇ ಒರಗಬೇಡ ಕಣಮ್ಮ, ಬೆಲ್ಟಿನ ಬಕಲ್ ತಾಗಿದ್ರೆ ಗೀರು ಬೀಳುತ್ತೆ. ಬಟ್ಟೆ ಹಾಸ್ಕೊ.

— ಹಾಸಿದೆ. ಈ ಹುಚ್ಚು ನಿಮಗೆ ಸಕಲೇಶಪುರದಲ್ಲೇ ಹತ್ತಿತ್ತು ಅಂತಾರೆ ಅಪ್ಪ.

— ನಿಮ್ಮಪ್ಪ ಹೇಳೋದು ಸರಿ. ನಿಮ್ಮ ತಾತ ಎಸ್ಟೇಟಿನಲ್ಲಿ ರೈಟರಾಗಿದ್ರಲ್ಲ, ಸಾಹುಕಾರ್ರ ಮನೇಲಿ ಒಂದು ಪ್ಲಿಮತ್ ಇತ್ತು. ಪಕ್ಕದ ಎಸ್ಟೇಟಿನಲ್ಲಿ ಡಾಡ್ಜ್. ಎರಡೂ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಜೋಡಿಸಿದ್ದು. ಘಾಟಿಯಲ್ಲಿ ಬಸ್ಸುಗಳು ಉಸಿರು ಬಿಟ್ಕೊಂಡು, ನಿಂತು, ರೇಡಿಯೇಟರಿಗೆ ನೀರು ಹೊಯ್ಸಿಕೊಳ್ಳೋ ಕಡೆ ಆ ಪ್ಲಿಮತ್ ಏನೂ ಆಗಿಲ್ಲದ ಹಾಗೆ ಹತ್ತಿ ಹೋಗೋದು. ಡ್ರೈವರ್ ಸಾಬರು ಕಿಟಕಿಯಿಂದ ಮೊಣಕೈ ಹೊರಗೆ ಹಾಕಿರೋರು. ನನಗೆ ಸಾಹುಕಾರ್ರಾಗೋ ಆಸೆ ಬರಲಿಲ್ಲ, ಸಾಬರಾಗೋ ಆಸೆ ಬಂತು.

— ರೇಸು?

— ಅದು ಶೋಲಾವರಂನಲ್ಲಿ. ಮದ್ರಾಸಿನ ಹೊರಗೆ ಮಹಾಯುದ್ಧದ ಕಾಲದ ವಿಮಾನದ ಓಡುದಾರಿ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ರೇಸ್ ನಡೆಸೋರು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ಗೆಳೆಯರ ಜೊತೆ ರೈಲು ಹತ್ತಿ ಹೋದೆ. ಸುಡೋ ಕಾಂಕ್ರೀಟು, ಬೇಲಿಯಾಚೆ ಸಾವಿರಾರು ಜನ. ವಾರವಿಡೀ ಆಫೀಸಿಗೆ ಹೋಗಿಬರೋ ಫಿಯಟ್ಟು, ಹೆರಾಲ್ಡುಗಳೇ ಅಲ್ಲಿ ಸೈಲೆನ್ಸರ್ ಕಳಚಿಟ್ಟು ಓಡ್ತಿದ್ದವು. ಮನೆಗೆ ಹೋಗೋ ಕಾರಿನಲ್ಲೇ ರೇಸ್ ಮಾಡಬಹುದು ಅನ್ನೋದು ನನ್ನ ತಲೆಗೆ ಹೊಕ್ಕಿದ್ದು ಆವತ್ತು. ಇಲ್ಲಿಗೆ ಬಂದ ಮೇಲೆ ಗೊತ್ತಾಯ್ತು, ಈ ಊರು ಪೂರ್ತಿ ಆ ಒಂದು ಯೋಚನೆಯಿಂದಲೇ ಹೊಟ್ಟೆ ಹೊರೆದುಕೊಂಡಿತ್ತು ಅಂತ.

— ಸರಿ, ಮಸಲ್ ಕಾರು ಅಂದ್ರೆ ಏನು? ನಾನು ನೋಡಿರೋದು ಸಿನಿಮಾದಲ್ಲಿ, ಹೊಗೆ ಎಬ್ಬಿಸೋದು ಮಾತ್ರ.

— ಮಧ್ಯಮ ಗಾತ್ರದ, ಎರಡು ಬಾಗಿಲಿನ, ಮಾಮೂಲಿ ಸಂಸಾರದ ಕಾರು. ಅದಕ್ಕೆ ದೊಡ್ಡ ಕಾರಿನ ಎಂಜಿನ್. ಬೆಲೆ ಮಾತ್ರ ಕಾರ್ಖಾನೆಯಲ್ಲಿ ಕೆಲಸ ಮಾಡೋ ಹುಡುಗನ ಕೈಗೆ ಎಟುಕೋ ಹಾಗೆ. ಅಷ್ಟೇ. ಅದು ಹುಟ್ಟಿದ್ದು ಮಾತ್ರ ಕಳ್ಳದಾರಿಯಲ್ಲಿ. 1963ರ ಜನವರಿಯಲ್ಲಿ ಜನರಲ್ ಮೋಟರ್ಸ್ ತನ್ನ ವಿಭಾಗಗಳಿಗೆಲ್ಲ ರೇಸಿನ ಸಹವಾಸ ಬಿಡಿ ಅಂತ ಕಟ್ಟಪ್ಪಣೆ ಮಾಡ್ತು. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚು ಮೀರಿದ ಎಂಜಿನ್ ಕೂಡದು ಅನ್ನೋ ನಿಯಮ ಬೇರೆ. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್. ಅವನೂ ಅವನ ಸಂಗಡಿಗರೂ ಸೇರಿ ಟೆಂಪೆಸ್ಟ್ ಅನ್ನೋ ಸಾಧು ಕಾರಿನ ಬಾನೆಟ್ ಕೆಳಗೆ 389 ಘನ ಇಂಚಿನ ಎಂಜಿನ್ ಕೂರಿಸಿ ನೋಡಿದ್ರು. ಲೀಲಾಜಾಲವಾಗಿ ಕೂತಿತು. ಆದ್ರೆ ಹೊಸ ಮಾಡೆಲ್ ಅಂತ ಮೇಲಿನವರ ಮುಂದಿಟ್ರೆ ಒಪ್ಪೋದಿಲ್ಲವಲ್ಲ. ಅದಕ್ಕೇ ಮಾಡೆಲ್ ಅನ್ನಲಿಲ್ಲ. ಗಿರಾಕಿ ಬೇಕಂದ್ರೆ ಹಾಕಿಸ್ಕೊಳ್ಳೋ ಆಪ್ಷನ್ ಪಟ್ಟಿಯೊಳಗೆ, ರೇಡಿಯೋ, ಹೀಟರಿನ ಜೊತೆಗೆ, ಜಿಟಿಒ ಅಂತ ತೂರಿಸಿಬಿಟ್ರು. ಸುಮಾರು 295 ಡಾಲರು. ಐದು ಸಾವಿರ ಹೋದ್ರೆ ಸಾಕು ಅಂತ ಅಂದಾಜು, 1964ರ ಮಾಡೆಲ್ ಒಂದೇ 32,450 ಹೋಯ್ತು. ಮೇಲಿನವರು ಬೈಯೋಕೆ ಬಾಯಿ ತೆರೆಯೋ ಹೊತ್ತಿಗೆ ದುಡ್ಡು ಎಣಿಸೋ ಕೆಲಸ ಶುರುವಾಗಿತ್ತು.

— ಅಂದ್ರೆ ಸುಳ್ಳಿನಿಂದಲೇ ಶುರು.

— ಮೇಲಿನವರಿಗೆ ಹೇಳಿದ ಸುಳ್ಳು ಅದು. ಗಿರಾಕಿಗೆ ಹೇಳಿದ್ದು ಕೇಳು. ಅದೇ ವರ್ಷ ‘ಕಾರ್ ಅಂಡ್ ಡ್ರೈವರ್’ ಪತ್ರಿಕೆಯವರು ಜಿಟಿಒ ಓಡಿಸಿ ನೋಡಿ ಹೊಗಳಿ ಬರೆದ್ರು. ಅವರಿಗೆ ಕೊಟ್ಟ ಕಾರಿನೊಳಗೆ ಇದ್ದದ್ದು 389 ಅಲ್ಲವೇ ಅಲ್ಲ, 421 ಘನ ಇಂಚಿನ ಬೇರೆ ಎಂಜಿನ್ ಅಂತ ಜಾಹೀರಾತು ನೋಡಿಕೊಳ್ತಿದ್ದ ಜಿಮ್ ವ್ಯಾಂಗರ್ಸ್ ಎಷ್ಟೋ ವರ್ಷ ಆದ ಮೇಲೆ ತಾನೇ ಒಪ್ಪಿಕೊಂಡ. ಹೊರಗಿಂದ ಎರಡೂ ಒಂದೇ ಥರ ಕಾಣುತ್ತೆ.

— ಅವನನ್ನ ಹೊಗಳ್ತಿದ್ದೀರೋ, ತೆಗಳ್ತಿದ್ದೀರೋ?

— ಎರಡೂ. ಚೆನ್ನಾಗಿ ಕದ್ದವನನ್ನ ನೋಡಿದ್ರೆ ಎಂಜಿನಿಯರಿಗೆ ಸ್ವಲ್ಪ ಅಸೂಯೆ ಆಗುತ್ತೆ. ಮೂರನೇ ಸುಳ್ಳು ಹೇಳಿಬಿಡ್ತೀನಿ, ಅದು ಇನ್ಶೂರೆನ್ಸಿನವರಿಗೆ ಹೇಳಿದ್ದು. ಅರವತ್ತರ ದಶಕ ಮುಗಿಯೋ ಹೊತ್ತಿಗೆ ಹುಡುಗರು ಇವನ್ನ ಬೀದಿಯಲ್ಲಿ ಓಡಿಸಿ ಸಾಯ್ತಿದ್ರು. ಪ್ರೀಮಿಯಂ ಏರಿತು. ಏರಿದ್ದು ಹಾರ್ಸ್‌ಪವರ್ ನೋಡಿ. ಕಂಪನಿಗಳು ಏನು ಮಾಡಿದವು? ಕಾಗದದ ಮೇಲೆ ಹಾರ್ಸ್‌ಪವರ್ ಇಳಿಸಿದವು. 1968ರ ಫೋರ್ಡ್ 428 ಕೋಬ್ರಾ ಜೆಟ್‌ಗೆ 335 ಅಂತ ಬರೆದ್ರು. ಓಡಿಸಿದವರು ಯಾರೂ ಆ ಅಂಕಿ ನಂಬಲಿಲ್ಲ. ನೆಟ್ಟಗೆ ಕಾಲು ಮೈಲಿ ಓಡೋ ಡ್ರ್ಯಾಗ್ ರೇಸಿನಲ್ಲೂ ಆ ಸುಳ್ಳಿಂದ ಲಾಭ ಇತ್ತು, ತೂಕವನ್ನ ಹಾರ್ಸ್‌ಪವರಿನಿಂದ ಭಾಗಿಸಿ ತರಗತಿ ಗೊತ್ತು ಮಾಡ್ತಿದ್ರು. ಕಡಿಮೆ ಬರೆದರೆ ನಿಧಾನದ ಕಾರುಗಳ ಸಾಲಿಗೆ ಬೀಳ್ತೀಯ.

— ನಿಮ್ಮ ಈ ಡಸ್ಟರ್ ಕಾರಿಗೆ ಎಷ್ಟು ಬರೆದಿದ್ರು?

— 275. ಮೊದಲೇ ಅಳತೆ ಮಾಡ್ತಿದ್ದ ರೀತಿಯೂ ಹಾಗೇ ಇತ್ತು ಅನ್ನು. ಬರೀ ಎಂಜಿನನ್ನ ಸ್ಟ್ಯಾಂಡಿನ ಮೇಲಿಟ್ಟು, ಏರ್ ಫಿಲ್ಟರ್ ಇಲ್ಲ, ಸೈಲೆನ್ಸರ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಅಳೆದು ಬರೆಯೋದು. 1972ರಲ್ಲಿ ಎಲ್ಲ ಜೋಡಿಸಿ ಅಳೆಯೋ ಪದ್ಧತಿ ಬಂತು. ಸೀಸ ಇಲ್ಲದ ಪೆಟ್ರೋಲಿಗೆ ಒಗ್ಗಲಿ ಅಂತ ಕಂಪ್ರೆಷನ್ನೂ ಇಳಿಸಿದ್ರು. ಇದೇ 340 ಎಂಜಿನ್ ಆ ವರ್ಷ 240 ಆಗಿಹೋಯ್ತು. 1970ರ ವಾಯು ಕಾಯಿದೆ, ಇನ್ಶೂರೆನ್ಸು, ಆಮೇಲೆ 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದ್ದು. ಮೂರೂ ಸೇರಿ ಇವುಗಳ ಕಥೆ ಮುಗಿಸಿದವು. ಪೆಟ್ರೋಲ್ ಬಂಕಿನ ಮುಂದೆ ಮೈಲುದ್ದ ಸಾಲು. ಗ್ಯಾಲನ್ನಿಗೆ ಹತ್ತು ಹನ್ನೆರಡು ಮೈಲಿ ಕೊಡೋ ಕಾರನ್ನ ಯಾರೂ ಮೂಸಿ ನೋಡ್ತಿರಲಿಲ್ಲ.

— ಅದೇ ಹೊತ್ತಿಗೆ ನೀವು ಕೊಂಡ್ಕೊಂಡ್ರಿ.

— ಹೊಸದಾಗಿದ್ದಾಗ ಇದರ ಬೆಲೆ 2,547 ಡಾಲರಿಂದ ಶುರು. ಆಗಿನ ಲೆಕ್ಕಕ್ಕೂ ಅಗ್ಗವೇ. ಡೆಟ್ರಾಯ್ಟಿನಲ್ಲಿ ಓದೋಕೆ ಬಂದ ನನಗೆ ಅದೂ ಆಗ್ತಿರಲಿಲ್ಲ. ತೈಲದ ಬಿಕ್ಕಟ್ಟಿನ ಮೇಲೆ ಒಬ್ಬ ಹೆಂಡತಿಯ ಕಾಟ ತಡೀಲಾರದೆ ಬಂದಷ್ಟು ಬೆಲೆಗೆ ಮಾರಿದ. ಬಾ, ಇಲ್ಲಿ ಡ್ರೈವರ್ ಕಡೆ ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಬುಡದಲ್ಲಿ ಈ ತಗಡಿನ ಪಟ್ಟಿ ನೋಡು. ಓದು.

— ವಿ, ಎಸ್, 29, ಎಚ್, ಸೊನ್ನೆ, ಬಿ... ಆಮೇಲೆ ಬರೀ ನಂಬರು.

— ವಿ ಅಂದ್ರೆ ವೇಲಿಯಂಟ್ ಜಾತಿ, ಡಸ್ಟರ್ ಅದರದೇ ತಳಿ. 29 ಎರಡು ಬಾಗಿಲಿನ ಕೂಪೆ. ಎಚ್ ಅಂದ್ರೆ 340 ಎಂಜಿನ್. ಸೊನ್ನೆ 1970. ಕೊನೆಯ ಬಿ ಹ್ಯಾಮ್‌ಟ್ರ್ಯಾಮಿಕ್‌ನ ಡಾಡ್ಜ್ ಮೇನ್ ಕಾರ್ಖಾನೆ. ಇಲ್ಲಿಂದ ಒಂದು ಗಂಟೆಯ ದಾರಿಯೂ ಅಲ್ಲ. ಆ ಎಚ್ ಅಕ್ಷರಕ್ಕೆ ಈಗ ಎಷ್ಟು ಬೆಲೆ ಗೊತ್ತಾ? ಆರು ಸಿಲಿಂಡರಿನ ಡಸ್ಟರಿಗೆ 340 ಕೂರಿಸಿ, ಪಟ್ಟೆ ಅಂಟಿಸಿ, ಅಸಲಿ ಅಂತ ಮಾರೋರಿದ್ದಾರೆ. ಈ ಪಟ್ಟಿ ನೋಡಿದ್ರೆ ಗುಟ್ಟು ರಟ್ಟು. ಅದಕ್ಕೇ ಪಟ್ಟಿಯನ್ನೇ ಬದಲಾಯಿಸೋರೂ ಇದ್ದಾರೆ, ಜೈಲಿಗೆ ಹೋಗೋ ಕೆಲಸ.

— ಆ ಲಕ್ಷಗಟ್ಟಲೆ ಡಾಲರಿನ ಹರಾಜು ಇವಕ್ಕೇನಾ?

— ಇದಕ್ಕಲ್ಲ. 1971ರ ಹೆಮಿ ಕುಡಾ, ಛಾವಣಿ ಮಡಚೋ ಬಗೆಯದು, ಆಗಿದ್ದೇ 11. ಅದರಲ್ಲೊಂದು 2014ರಲ್ಲಿ 35 ಲಕ್ಷ ಡಾಲರಿಗೆ ಹೋಯ್ತು. ‘ಬುಲ್ಲಿಟ್’ ಸಿನಿಮಾದಲ್ಲಿ ಸ್ಟೀವ್ ಮಕ್ವೀನ್ ಓಡಿಸಿದ ಹಸಿರು ಮಸ್ಟಾಂಗ್ 2020ರಲ್ಲಿ ಹೆಚ್ಚುಕಡಿಮೆ 37 ಲಕ್ಷಕ್ಕೆ. ಅದನ್ನ 1974ರಲ್ಲಿ ಆರು ಸಾವಿರಕ್ಕೆ ಕೊಂಡಿದ್ದ ಮನೆಯವರು ಸಂಸಾರದ ಕಾರಾಗಿ ದಿನಾ ಓಡಿಸ್ತಿದ್ರಂತೆ, ಅದು ನನಗೆ ಇಷ್ಟವಾದ ಭಾಗ. ಈಗ ಕೊಂಡವರು ಓಡಿಸೋದಿಲ್ಲ. ಮುಚ್ಚಿದ ಟ್ರೇಲರಿನಲ್ಲಿ ತರ್ತಾರೆ, ಹುಲ್ಲಿನ ಮೇಲೆ ನಿಲ್ಲಿಸ್ತಾರೆ, ಎಂಜಿನ್ ಕೆಳಗೆ ಕನ್ನಡಿ ಇಡ್ತಾರೆ. ಅವರ ವಿಷಯ ಬಿಡು. ಆ ಫೀಲರ್ ಗೇಜ್ ಕೊಡು. ಹದಿನೇಳು ಅಂತ ಬರೆದಿರೋ ಪಟ್ಟಿ.

— ಹದಿನೇಳು ಏನು?

— ಇಂಚಿನ ಸಾವಿರ ಭಾಗದಲ್ಲಿ ಹದಿನೇಳು. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್‌ಗಳ ಸಂದು ಅಷ್ಟಿರಬೇಕು. ನೀನೇ ಹಾಕಿ ನೋಡು. ತಳ್ಳಬೇಡ, ಸುಮ್ನೆ ಜಾರಿಸು. ಏನನ್ನಿಸುತ್ತೆ?

— ಸಲೀಸಾಗಿ ಹೋಯ್ತು.

— ಹಾಗಾದ್ರೆ ಸಂದು ಜಾಸ್ತಿ. ಪಟ್ಟಿಗೆ ಸ್ವಲ್ಪ ಹಿಡಿತ ಸಿಗಬೇಕು. ಆ ತಿರುಪು ಅರ್ಧ ಸಡಿಲಿಸಿ, ಪಕ್ಕದ ಕಚ್ಚಿನಲ್ಲಿ ಸ್ಕ್ರೂಡ್ರೈವರ್ ತುದಿ ಇಟ್ಟು ಒಂಚೂರು ತಿರುಗಿಸು. ಈಗ?

— ಈಗ ಹಿಡೀತಿದೆ. ಎಳೆದ್ರೆ ಬರುತ್ತೆ.

— ಅಷ್ಟೇ ಇರಲಿ, ಬಿಗಿ ಮಾಡು. ಬಿಗಿ ಮಾಡುವಾಗ ಮತ್ತೆ ಜರುಗುತ್ತೆ ಅದು, ಇನ್ನೊಂದು ಸಲ ನೋಡು. ಈ ಸಂದು ಬದಲಾದ್ರೆ ಟೈಮಿಂಗ್ ಬದಲಾಗುತ್ತೆ, ಟೈಮಿಂಗ್ ಬದಲಾದ್ರೆ ನಾಳೆ ಸಂಜೆಯ ಚೀಟಿ ಬದಲಾಗುತ್ತೆ.

— ಇದಕ್ಕೆಲ್ಲ ಎಲೆಕ್ಟ್ರಾನಿಕ್ ಇಗ್ನಿಷನ್ ಸಿಗುತ್ತಲ್ಲ ಚಿಕ್ಕಪ್ಪ?

— ಐವತ್ತು ವರ್ಷದಿಂದ ಸಿಗುತ್ತೆ. ಹಾಕಿಸಿದ್ರೆ ಈ ಕೆಲಸವೇ ಇರೋಲ್ಲ. ಅದಕ್ಕೇ ಹಾಕಿಸಿಲ್ಲ.

— ಇದು ತರ್ಕ ಅಲ್ಲ.

— ತರ್ಕ ಅಂತ ನಾನು ಎಲ್ಲಿ ಅಂದೆ? ಈ ಎಣ್ಣೆ ಡಬ್ಬ ನೋಡು. ಈಗಿನ ಎಂಜಿನ್ ಆಯಿಲ್‌ನಲ್ಲಿ ಸತುವಿನ ಅಂಶ ಕಡಿಮೆ ಮಾಡಿದ್ದಾರೆ, ಕ್ಯಾಟಲಿಟಿಕ್ ಕನ್ವರ್ಟರಿಗೆ ಆಗಿಬರೋದಿಲ್ಲ ಅಂತ. ನಮ್ಮ ಕ್ಯಾಮ್‌ಶಾಫ್ಟು ಹಳೇ ಕಾಲದ್ದು, ಅದರ ಉಬ್ಬುಗಳ ಮೇಲೆ ಟ್ಯಾಪೆಟ್ ನೇರವಾಗಿ ಉಜ್ಜಿಕೊಂಡು ಹೋಗುತ್ತೆ. ಸತು ಇಲ್ಲದಿದ್ರೆ ಉಬ್ಬು ಸವೆದು ಹೋಗುತ್ತೆ. ಅದಕ್ಕೆ ಬೇರೆ ಎಣ್ಣೆ ಹುಡುಕಬೇಕು. ತರ್ಕ ನೋಡೋನು ಇಷ್ಟು ಹೊತ್ತಿಗೆ ಮಾರಿ ಹಾಯಾಗಿರ್ತಿದ್ದ.

— ಸರಿ, ನಾಳೆಯ ಚೀಟಿ ಅಂದ್ರಲ್ಲ. ಅಲ್ಲಿ ಏನು ನಡೆಯುತ್ತೆ ಅಂತ ಮೊದಲಿಂದ ಹೇಳಿ. ಇಬ್ಬರು ನಿಲ್ತಾರೆ, ಯಾರು ಮುಂಚೆ ಹೋಗ್ತಾರೋ ಅವರು ಗೆದ್ದರು, ಅಲ್ವಾ?

— ಅದು ದೊಡ್ಡವರ ರೇಸು. ನೈಟ್ರೋಮೀಥೇನ್ ಸುಡೋ ಟಾಪ್ ಫ್ಯುಯೆಲ್ ಕಾರುಗಳು, ಪ್ರಾಯೋಜಕರು, ಟಿವಿ. ಅವರಂತೂ ಈಗ ಪೂರಾ ಕಾಲು ಮೈಲಿಯನ್ನೂ ಓಡೋದಿಲ್ಲ. 2008ರಲ್ಲಿ ಸ್ಕಾಟ್ ಕಲಿಟ್ಟಾ ಅನ್ನೋ ಡ್ರೈವರ್ ಸತ್ತ ಮೇಲೆ ಆ ತರಗತಿಗಳಿಗೆ ಸಾವಿರ ಅಡಿಗೆ ಇಳಿಸಿದ್ರು. ನಾವು ಇನ್ನೂ 1,320 ಅಡಿ. ನಮ್ಮದು ಬ್ರ್ಯಾಕೆಟ್ ರೇಸಿಂಗ್. ಇದರಲ್ಲಿ ಬಡವ, ಬಲ್ಲಿದ, ಟ್ರಕ್ಕು, ಅಜ್ಜಿಯ ವ್ಯಾನು ಯಾವುದೂ ಓಡಬಹುದು. ಸಾಲಿಗೆ ಹೋಗೋ ಮೊದಲು ನಿನ್ನ ಕಾರು ಈಗ, ಈ ಹವೆಯಲ್ಲಿ, ಎಷ್ಟು ಸೆಕೆಂಡಿಗೆ ಓಡುತ್ತೆ ಅಂತ ನೀನೇ ಹೇಳಬೇಕು. ಕಿಟಕಿಯ ಗಾಜಿನ ಮೇಲೆ ಬಿಳಿ ಶೂ ಪಾಲಿಶಿನಲ್ಲಿ ಬರೀಬೇಕು. ನಾನು 14.70 ಅಂತ ಬರೀತೀನಿ. ಪಕ್ಕದವನು 11.20 ಅಂತ ಬರೀತಾನೆ. ಆಗ ನನಗೆ ಮೂರೂವರೆ ಸೆಕೆಂಡು ಮೊದಲೇ ಹಸಿರು ದೀಪ.

— ಓ, ಹಾಗಾದ್ರೆ ನಾನು 16 ಅಂತ ಬರೆದು ಐದು ಸೆಕೆಂಡು ಮೊದಲೇ ಹೊರಟ್ರೆ?

— ಎಲ್ಲರಿಗೂ ಮೊದಲು ಹೊಳೆಯೋದೇ ಇದು. ಬರೆದದ್ದಕ್ಕಿಂತ ಬೇಗ ಓಡಿದ್ರೆ ಸೋತೆ. ಅದಕ್ಕೆ ಬ್ರೇಕ್‌ಔಟ್ ಅಂತಾರೆ. 14.70 ಬರೆದು 14.69 ಓಡಿದ್ರೂ ಸೋತೆ. ಹಸಿರಿಗೆ ಮುಂಚೆ ಹೊರಟ್ರೆ ಕೆಂಪು ದೀಪ, ಆಗಲೂ ಸೋತೆ. ಇಬ್ಬರೂ ಬೇಗ ಓಡಿಬಿಟ್ರೆ, ಯಾರು ತಮ್ಮ ಮಾತು ಕಡಿಮೆ ಮೀರಿದ್ದಾರೋ ಅವರು ಗೆದ್ರು.

— ವೇಗವಾಗಿ ಓಡಿದ್ದಕ್ಕೆ ಸೋಲೋ ರೇಸು! ಇದನ್ನ ಅಪ್ಪನಿಗೆ ಹೇಳಿದ್ರೆ ನಂಬೋದಿಲ್ಲ.

— ನಂಬಬೇಡ ಅನ್ನು. ನೋಡು, ನಾನು ನಿನಗೆ ಮೂರು ಸುಳ್ಳಿನ ಕಥೆ ಹೇಳಿದೆನಲ್ಲ, ಈ ಕಾರುಗಳ ಕಾಲ ಪೂರ್ತಿ ಹಾಗೇ. ಕಾಗದದ ಮೇಲೆ ಒಂದು, ಬಾನೆಟ್ ಕೆಳಗೆ ಒಂದು. ಡೆಟ್ರಾಯ್ಟಿನ ವುಡ್‌ವರ್ಡ್ ರಸ್ತೆಯಲ್ಲಿ ರಾತ್ರಿ ಹುಡುಗರು ಒಬ್ಬರಿಗೊಬ್ಬರು ಹೇಳ್ತಿದ್ದದ್ದೂ ಅಷ್ಟೇ. ಪಣ ಕಟ್ಟೋ ಮುಂಚೆ ಒಳಗಿರೋದನ್ನ ಯಾರೂ ನಿಜ ಹೇಳ್ತಿರಲಿಲ್ಲ. ಕಂಪನಿಯ ಎಂಜಿನಿಯರುಗಳೇ ಪರೀಕ್ಷೆಯ ಕಾರು ತಂದು ಅಲ್ಲಿ ಓಡಿಸ್ತಿದ್ರು. ನಾನು ಇದನ್ನ ತಗೊಂಡು ಮೈಲನ್ ಊರಿನ ಡ್ರ್ಯಾಗ್ ಸ್ಟ್ರಿಪ್ಪಿಗೆ ಮೊದಲು ಹೋದಾಗ ನನ್ನ ತಲೇಲಿ ಇದ್ದದ್ದೂ ಪತ್ರಿಕೆ ಓದಿದ ಅಂಕಿಗಳೇ. ಓಡಿ ಬಂದೆ. ಪುಟ್ಟ ಗೂಡಿನ ಕಿಟಕಿಯಿಂದ ಒಂದು ಚೀಟಿ ಕೊಟ್ರು. ಅರವತ್ತು ಅಡಿಗೆ ಇಷ್ಟು, 660 ಅಡಿಗೆ ಇಷ್ಟು, ಕೊನೆಗೆ ಇಷ್ಟು, ನೀನು ದೀಪ ನೋಡಿ ಕಾಲು ಒತ್ತೋಕೆ ತಗೊಂಡದ್ದು ಇಷ್ಟು. ಪತ್ರಿಕೆಯವರು ಏನು ಬರೆದಿದ್ರೇನು, ಇನ್ಶೂರೆನ್ಸಿನವರಿಗೆ ಏನು ಹೇಳಿದ್ರೇನು. ಆ ಚೀಟಿ ಹಿಡ್ಕೊಂಡು ನನಗೆ ಸಿಕ್ಕ ಸುಖ ಬೇರೆ ಯಾವುದರಲ್ಲೂ ಸಿಗಲಿಲ್ಲ.

— ಅಂದ್ರೆ ಅಲ್ಲಿ ಸುಳ್ಳೇ ಇಲ್ಲ?

— ಹಾಗಂದ್ರೆ ನೀನು ನಂಬ್ತೀಯಾ?

— ಇಲ್ಲ. ನಾನಾಗಿದ್ರೆ ಏನು ಮಾಡ್ತಿದ್ದೆ ಅಂದ್ರೆ, 14.70 ಓಡೋ ಕಾರಿಗೆ 14.80 ಬರೆದು, ಕೊನೇಲಿ ಪಕ್ಕದವನನ್ನ ನೋಡ್ಕೊಂಡು ಬ್ರೇಕ್ ಒತ್ತಿ, ಅವನಿಗಿಂತ ಒಂದು ಕೂದಲು ಮುಂದೆ ದಾಟ್ತಿದ್ದೆ.

— ನಿಮ್ಮ ತಾತನ ಮೊಮ್ಮಗಳು ನೀನು! ಅದಕ್ಕೆ ಇಲ್ಲಿ ಸ್ಯಾಂಡ್‌ಬ್ಯಾಗಿಂಗ್ ಅಂತಾರೆ. ಮಾಡ್ತಾರೆ, ಎಲ್ಲರೂ ಒಂದಷ್ಟು ಮಾಡ್ತಾರೆ, ನಾನೂ ಮಾಡ್ತೀನಿ. ಆದ್ರೆ ಹಿಂದಿನಿಂದ 120 ಮೈಲಿ ವೇಗದಲ್ಲಿ ಬರ್ತಿರೋನನ್ನ ಕನ್ನಡಿಯಲ್ಲಿ ಅಳೆದು, 95ರಲ್ಲಿ ಹೋಗ್ತಿರೋ ನೀನು ಕಾಲು ಎಷ್ಟು ತೆಗೀಬೇಕು ಅಂತ ಲೆಕ್ಕ ಹಾಕೋದು ಹೇಳಿದಷ್ಟು ಸುಲಭ ಅಲ್ಲ. ಇದರ ಮುಂದೆ ಮಾತ್ರ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ಮು. ಅಲ್ಲಿ ಜಾಸ್ತಿ ಒತ್ತಿದ್ರೆ ಬಾಲ ಆ ಕಡೆ ಎಸೆಯುತ್ತೆ. ಸುಳ್ಳು ಹೇಳಬೇಕಾದ್ರೂ ನಿಜ ಎಷ್ಟು ಅಂತ ಮೊದಲು ಗೊತ್ತಿರಬೇಕು.

— ಬೀದಿಯಲ್ಲಿ ಸತ್ತರು ಅಂದ್ರಲ್ಲ, ಅದರ ಬಗ್ಗೆ ಬೇಗ ದಾಟಿಬಿಟ್ರಿ. ನನಗೆ ಅದೇ ಕಾಡೋದು. ಬೆಂಗಳೂರಿನ ಏರ್‌ಪೋರ್ಟ್ ರಸ್ತೆಯಲ್ಲಿ ರಾತ್ರಿ ಹುಡುಗರು ಬೈಕಿನಲ್ಲಿ ವ್ಹೀಲಿ ಮಾಡೋದು ನೋಡಿದ್ದೀನಿ. ಅವರ ಕಣ್ಣಲ್ಲೂ ಇದೇ ಸುಖ ಇರುತ್ತೆ, ಅಲ್ವಾ?

— ಇರುತ್ತೆ. ಸುಳ್ಳು ಯಾಕೆ ಹೇಳಲಿ. 1951ರಲ್ಲಿ ವಾಲಿ ಪಾರ್ಕ್ಸ್ ಕ್ಯಾಲಿಫೋರ್ನಿಯಾದಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದ್ದೇ ಆ ಹುಡುಗರನ್ನ ಬೀದಿಯಿಂದ ಎತ್ತಿ ತರೋದಕ್ಕೆ. ಅದಕ್ಕೆ ಹಿಂದಿನ ವರ್ಷ ಸಾಂಟಾ ಆನಾದ ವಿಮಾನದ ಓಡುದಾರಿಯಲ್ಲಿ ಟಿಕೆಟ್ ಇಟ್ಟು ಡ್ರ್ಯಾಗ್ ರೇಸ್ ಶುರು ಮಾಡಿದ್ರು. ಶೋಲಾವರಂ ಥರಾನೇ, ವಿಮಾನಕ್ಕೆ ಹಾಕಿದ ಕಾಂಕ್ರೀಟು ಕಾರಿಗೆ ದಕ್ಕಿತು. ಹುಡುಗರಿಗೆ ಬೇಡ ಅಂದ್ರೆ ಕೇಳೋಲ್ಲ. ಜಾಗ ಕೊಟ್ಟು, ಹೆಲ್ಮೆಟ್ ಕೊಟ್ಟು, ಕೊನೇಲಿ ಒಂದು ಚೀಟಿ ಕೊಟ್ರೆ ಅರ್ಧ ಜನ ಕೇಳ್ತಾರೆ. ಇನ್ನರ್ಧ ಜನ ಕೇಳೋಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮೂರಿನಲ್ಲಿ ಆ ಜಾಗವೇ ಇಲ್ಲವಲ್ಲ. ಬೆಂಗಳೂರಿಗೆ ಒಂದು ಕಾಲು ಮೈಲಿ ಕೊಡೋಕೆ ಯಾರಿಗೂ ಆಗಲಿಲ್ಲ. ಎಲ್ಲ ಲೇಔಟ್ ಆಗಿಹೋಯ್ತು.

— ಶುರುವಿನಲ್ಲಿ ನಿಮ್ಮನ್ನ ಅಲ್ಲಿ ಹೇಗೆ ನೋಡ್ತಿದ್ರು? ಮೈಸೂರಿನಿಂದ ಬಂದವರನ್ನ?

— ಮೊದಲೊಂದಷ್ಟು ದಿನ ದಾರಿ ತಪ್ಪಿ ಬಂದಿದ್ದಾನೆ ಅಂದ್ಕೊಂಡ್ರು. ಕೆಲವರು ನನ್ನ ಹೆಸರು ಹೇಳೋಕೆ ಬಾರದೆ ‘ಡಸ್ಟರ್’ ಅಂತಲೇ ಕರೆದ್ರು, ಈಗಲೂ ಹಾಗೇ. ಡಾಡ್ಜ್ ಮೇನ್‌ನಲ್ಲಿ ಇಪ್ಪತ್ತು ವರ್ಷ ಬೋಲ್ಟು ಬಿಗಿದ ಒಬ್ಬ ಕರಿಯರ ಹಿರಿಯ ಇದ್ದ. 1980ರ ಜನವರಿಯಲ್ಲಿ ಕಾರ್ಖಾನೆ ಮುಚ್ಚಿ ಕೆಲಸ ಹೋಗಿತ್ತು. ನನ್ನ ಕಾರಿನ ಪಟ್ಟಿಯ ಮೇಲಿನ ಬಿ ನೋಡಿ, ‘ಇದರ ಬಾಗಿಲು ನಾನೇ ಜೋಡಿಸಿರಬಹುದು, ಹಾಕಿ ತೆಗೆದು ನೋಡ್ತೀನಿ’ ಅಂದ. ಹಾಕಿ, ತೆಗೆದು, ‘ಇಲ್ಲ, ನಂದು ಇನ್ನೂ ಚೆನ್ನಾಗಿ ಕೂರ್ತಿತ್ತು’ ಅಂದ. ಟೈರಿನ ಗಾಳಿ ಎಷ್ಟು ಇಳಿಸಬೇಕು, ನೀರಿನ ಮಡುವಿನಲ್ಲಿ ಚಕ್ರ ತಿರುಗಿಸಿ ಹೇಗೆ ಬಿಸಿ ಮಾಡಬೇಕು, ಎಲ್ಲ ಅವನೇ ಕಲಿಸಿದ್ದು. ಹೊರಡೋ ಗೆರೆಯ ಹತ್ತಿರ ಅಂಟಿನ ದ್ರಾವಣ ಬಳಿದಿರ್ತಾರೆ, ಹಲಸಿನ ಮೇಣ ತುಳಿದ ಹಾಗೆ ಬೂಟು ಕಿತ್ತು ಬರುತ್ತೆ. ಅಲ್ಲಿ ಹೆಂಗಸರೂ ಕಡಿಮೆ ಇರಲಿಲ್ಲ. ಶರ್ಲಿ ಮಲ್ಡೌನಿ ಅಂತ, ಟಾಪ್ ಫ್ಯುಯೆಲ್‌ನಲ್ಲಿ 1977, 80, 82, ಮೂರು ಸಲ ಚಾಂಪಿಯನ್ ಆದಳು. ಗಂಡಸರು ಅವಳನ್ನ ತಡೆಯೋಕೆ ಏನೇನೋ ನಿಯಮ ಹುಡುಕಿದ್ರು.

— ನಿಮ್ಮ ಅಂಟಿನ ಗೆರೆಯ ಮೇಲೆ ನಾನು ಒಂದು ಎಲೆಕ್ಟ್ರಿಕ್ ಕಾರು ತಂದು ನಿಲ್ಲಿಸಿದ್ರೆ? ಟೆಸ್ಲಾ ಪ್ಲ್ಯಾಡ್ ಸಂಸಾರದ ಕಾರು, ಒಂಬತ್ತು ಸೆಕೆಂಡು ಚಿಲ್ಲರೆಗೆ ಓಡುತ್ತೆ. ಒಳಗೆ ಹಾಡು ಕೇಳ್ತಾ.

— ತಂದು ನಿಲ್ಲಿಸು. ನೀನು ಒಂಬತ್ತು ಚಿಲ್ಲರೆ ಬರೀತೀಯ, ನಾನು 14.70 ಬರೀತೀನಿ. ನೀನು ಐದು ಸೆಕೆಂಡು ನನ್ನ ಬೆನ್ನು ನೋಡ್ತಾ ನಿಂತಿರ್ತೀಯ.

— ಆದ್ರೆ ನನ್ನ ಕಾರು ಪ್ರತಿ ಸಲವೂ ಅಷ್ಟೇ ಓಡುತ್ತೆ. ನಿಮ್ಮದು ಪಾಯಿಂಟು, ಕಾರ್ಬ್ಯುರೇಟರು, ಹವೆ ಎಲ್ಲ ನೋಡಬೇಕು. ಹೇಳಿದಷ್ಟೇ ಓಡೋದು ಆಟ ಅಂದ್ರೆ, ಆ ಆಟಕ್ಕೆ ಹೇಳಿ ಮಾಡಿಸಿದ್ದು ನಮ್ಮ ಕಾರು.

— ಒಪ್ಪಿದೆ. ಹೋದ ವರ್ಷ ಒಬ್ಬ ಹುಡುಗಿ ಬ್ಯಾಟರಿ ಕಾರಿನಲ್ಲಿ ಬಂದು ಸಾಲಾಗಿ ಎಲ್ಲರನ್ನೂ ಮನೆಗೆ ಕಳಿಸಿದಳು. ಹಳಬರು ಗೊಣಗಿದ್ರು, ಇದು ಕಾರಲ್ಲ ಅಂತ. ನಾನು ಗೊಣಗಲಿಲ್ಲ. ಆದ್ರೆ ಸಂಜೆ ಮೇಲೆ ಅವಳು ಬರೆದದ್ದಕ್ಕಿಂತ ನಿಧಾನವಾಗಿ ಓಡೋಕೆ ಶುರುವಾಯ್ತು. ಯಾಕೆ ಅಂತ ನನಗೆ ಅರ್ಥವಾಗಲಿಲ್ಲ.

— ಚಾರ್ಜ್ ಎಷ್ಟಿತ್ತು ಅಂತ ನೋಡಿದ್ರಾ? ಚಾರ್ಜ್ ಇಳಿದ ಹಾಗೆಲ್ಲ ಬ್ಯಾಟರಿಯ ವೋಲ್ಟೇಜ್ ಇಳಿಯುತ್ತೆ, ಎಳೆದಾಗ ಇನ್ನೂ ಕುಸಿಯುತ್ತೆ, ಪವರ್ ಕಡಿಮೆ ಬರುತ್ತೆ. ಸಾಲದ್ದಕ್ಕೆ ಪದೇ ಪದೇ ಓಡಿಸಿದ್ರೆ ಸೆಲ್‌ಗಳು ಕಾಯುತ್ತೆ. ಆಗ ನಾವು ಬರೆದ ಸಾಫ್ಟ್‌ವೇರೇ ಸೆಲ್‌ಗಳನ್ನ ಕಾಪಾಡೋಕೆ ಪವರ್ ತಡೆಹಿಡಿಯುತ್ತೆ. ಎಪ್ಪತ್ತು ಪರ್ಸೆಂಟಿನಲ್ಲಿ ಓಡಿದ್ದು ಮೂವತ್ತರಲ್ಲಿ ಓಡೋದಿಲ್ಲ.

— ಅದನ್ನ ಡ್ರೈವರಿಗೆ ಹೇಳುತ್ತಾ?

— ಪರದೆಯ ಮೂಲೇಲಿ ಒಂದು ಗೆರೆ ಬರುತ್ತೆ. ಬಹಳ ಜನ ನೋಡೋದಿಲ್ಲ.

— ನೋಡಿದ್ಯಾ! ಹಾಗಾದ್ರೆ ಅಲ್ಲೂ ಓದೋಕೆ ಬರೋನು ಬೇಕು. ನನಗಿದು ಗೊತ್ತಿರಲಿಲ್ಲ. ಸರಿ, ನಿನಗೆ ಖುಷಿ ಆಗೋ ಮಾತು ಒಂದು ಹೇಳ್ತೀನಿ. ಡಾಡ್ಜ್ ಮೇನ್ ಕೆಡವಿದ ಜಾಗವನ್ನೂ ಸೇರಿಸಿಕೊಂಡು ಎಂಬತ್ತರ ದಶಕದಲ್ಲಿ ಜನರಲ್ ಮೋಟರ್ಸ್ ಒಂದು ಕಾರ್ಖಾನೆ ಕಟ್ಟಿತು. ಈಗ ಅದರ ಹೆಸರು ಫ್ಯಾಕ್ಟರಿ ಝೀರೋ. ಅಲ್ಲಿ ಆಗೋದೆಲ್ಲ ಬ್ಯಾಟರಿ ಗಾಡಿಗಳೇ.

— ಅಂದ್ರೆ ಈ ಡಸ್ಟರ್ ಹುಟ್ಟಿದ ನೆಲದಲ್ಲಿ?

— ಆ ನೆಲದಲ್ಲೇ. ಮನೆ ಕಳೆದುಕೊಂಡವರ ಶಾಪವೂ ಆ ನೆಲದಲ್ಲಿದೆ, ಕಾರ್ಖಾನೆಗೆ ಅಂತ ಪೋಲ್‌ಟೌನ್ ಬಡಾವಣೆಯನ್ನ ಅಲ್ಲಿನ ನಗರಾಡಳಿತ ಎಬ್ಬಿಸಿ ಓಡಿಸಿತ್ತು. ಅದು ಬೇರೆಯದೇ ಕಥೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಹಾಕು, ಕ್ಲಿಪ್ಪು ಎರಡೂ ಕಡೆ ಟಕ್ ಅನ್ನಬೇಕು. ಈಗ ಒಳಗೆ ಕೂತು ಕೀ ತಿರುಗಿಸು. ಒಂದು ಸಲ ಮಾತ್ರ ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಡು, ಚೋಕ್ ಕೂತ್ಕೊಳ್ಳಲಿ.

— ಅಯ್ಯೋ, ಇದೇನು ಸ್ಟಾರ್ಟರ್ ಹೀಗೆ ಕುಯ್‌ಗುಡುತ್ತೆ?

— ಅದರೊಳಗೊಂದು ಗೇರಿದೆ, ಅದರ ದನಿ. ಕಣ್ಣು ಮುಚ್ಚಿದ್ರೂ ಕ್ರೈಸ್ಲರ್ ಮನೆತನದ ಕಾರು ಅಂತ ಹೇಳಬಹುದು. ಹಾಂ, ಹತ್ತಿತು! ಮೆಲ್ಲಗೆ ಬಿಡು... ಕೇಳಿಸ್ತಾ? ಒಂದೇ ಸಮ ಇದೆ. ನಿನ್ನ ಕೈ ಪರವಾಗಿಲ್ಲ.

— ಸೀಟೆಲ್ಲ ನಡುಗ್ತಿದೆ ಚಿಕ್ಕಪ್ಪ. ನಾಳೆ... ನಾನು ಓಡಿಸಬಹುದಾ?

— ನಾಳೆ ಪೈಪೋಟಿ ಅಲ್ಲ, ಅಭ್ಯಾಸದ ಸಂಜೆ. ಲೈಸೆನ್ಸ್ ಇದ್ದವರು ಯಾರು ಬೇಕಾದ್ರೂ ಓಡಿಸಬಹುದು. ನಿನ್ನ ಹತ್ತಿರ ಇಂಟರ್‌ನ್ಯಾಷನಲ್ ಪರ್ಮಿಟ್ ಇದೆಯಲ್ಲ, ಗೇಟಿನಲ್ಲಿ ಕೇಳೋಣ. 13.99 ಅಥವಾ ಅದಕ್ಕಿಂತ ಬೇಗ ಓಡೋ ಕಾರಿಗೆ ಮಾತ್ರ ಹೆಲ್ಮೆಟ್ ಕಡ್ಡಾಯ. ನಮ್ಮದಕ್ಕೆ ಬೇಕಿಲ್ಲ. ನೀನು ಹಾಕ್ಕೊಳ್ಳಲೇಬೇಕು.

— ಹಾಕ್ಕೋತೀನಿ. ದೀಪದ ವಿಷಯ ಹೇಳಿ.

— ಮೂರು ಹಳದಿ, ಅರ್ಧರ್ಧ ಸೆಕೆಂಡಿಗೆ ಒಂದೊಂದು ಇಳಿದು ಬರುತ್ತೆ, ಆಮೇಲೆ ಹಸಿರು. ಹಸಿರು ನೋಡಿ ಕಾಲು ಒತ್ತಿದ್ರೆ ತಡವಾಯ್ತು. ಮೂರನೇ ಹಳದಿ ಹತ್ತಿದ ಕೂಡಲೇ ಒತ್ತು. ಕಾರು ಗೆರೆ ಬಿಡೋ ಹೊತ್ತಿಗೆ ಹಸಿರು ಬಂದಿರುತ್ತೆ. ಅದಕ್ಕೆ ಮುಂಚೆ ಎಡಗಾಲು ಬ್ರೇಕಿನ ಮೇಲೆ, ಎಂಜಿನ್ ಸ್ವಲ್ಪ ಏರಿಸಿ ಹಿಡಿ. ಜಾಸ್ತಿ ಏರಿಸಿದ್ರೆ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತೆ.

— ಗಾಜಿನ ಮೇಲೆ ಎಷ್ಟು ಬರೀಲಿ?

— ಅಭ್ಯಾಸಕ್ಕೆ ಬರೀಬೇಕು ಅಂತಿಲ್ಲ. ಆದ್ರೂ ಬರಿ. ಹೊಸಬಳು, ಹೊರಡೋದು ಅಂಜಿ ಅಂಜಿ. 15.20 ಹಾಕು.

— ಹದಿನೈದೂ ಇಪ್ಪತ್ತಾ! ಚಿಕ್ಕಪ್ಪ, ನಾನು ನಿಮಗಿಂತ ಎಷ್ಟು ತೂಕ ಕಡಿಮೆ ಇದ್ದೀನಿ ನೋಡಿ.

— ಅರವತ್ತು ಪೌಂಡ್ ಇರಬಹುದು. ನೂರು ಪೌಂಡಿಗೆ ಹತ್ತನೇ ಒಂದು ಸೆಕೆಂಡು ಅಂತ ಲೆಕ್ಕ. ಅಂದ್ರೆ ನಿನಗೆ ಸಿಗೋದು ನೂರರಲ್ಲಿ ಆರು.

— ಸಂಜೆ ತಂಪಿರುತ್ತೆ, ಅದಕ್ಕೊಂದಷ್ಟು.

— ಅದಕ್ಕೆ ನೂರರಲ್ಲಿ ಐದಾರು, ಜಾಸ್ತಿ ಅಂದ್ರೆ.

— ಹಾಗಾದ್ರೆ 15.05 ಬರೀತೀನಿ.

— 15.10.

— 15.05. ಕಾರು ನಿಮ್ಮದು, ಕಾಲು ನಂದು. ಆ ಶೂ ಪಾಲಿಶ್ ಡಬ್ಬಿ ಎಲ್ಲಿ?